ಲಾಗ್ ಕ್ಯಾಬಿನ್ ಚೌಕಗಳಿಂದ ಕ್ವಿಲ್ಟ್‌ಗೆ ಅಂಚು: ಅಳತೆ ಕೂಡುತ್ತಿಲ್ಲ, ಮೂಲೆ ತಿರುಗುತ್ತಿಲ್ಲ

ಕೌದಿಪ್ರಿಯೆ (ಕೊಲಂಬಸ್, ಒಹಾಯೊ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಹಾಯೊ ಸ್ಟಾರ್ ಮಾದರಿಯ 12 ನಕ್ಷತ್ರ ಚೌಕಗಳನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕರಂತೆ ಜೋಡಿಸಿ ಕೌದಿಯಂತಹ ಕ್ವಿಲ್ಟೊಂದರ ಮೇಲ್ಪದರವನ್ನು ಹೊಲಿದು ಮುಗಿಸಿದ್ದೇನೆ. ಪ್ರತಿಯೊಂದು ಚೌಕವೂ ಹೊಲಿಗೆ ಮುಗಿದ ಮೇಲೆ 12 ಇಂಚು ಇದೆ. ಚೌಕಗಳ ನಡುವೆ 3 ಇಂಚಿನ ತಿಳಿ ಬಣ್ಣದ ಪಟ್ಟಿಗಳನ್ನು ಇಟ್ಟಿದ್ದೇನೆ, ಆದರೆ ಹೊರಸುತ್ತಿಗೆ ಪಟ್ಟಿ ಹಾಕಿಲ್ಲ. ಹೀಗಾಗಿ ಒಟ್ಟು ಅಳತೆ 42 ಇಂಚು ಅಗಲ, 57 ಇಂಚು ಉದ್ದ ಬಂದಿದೆ.

ಇದರ ಸುತ್ತಲೂ ಲಾಗ್ ಕ್ಯಾಬಿನ್ ಚೌಕಗಳ ಅಂಚನ್ನು ಕೊಡಬೇಕೆಂಬುದು ನನ್ನ ಆಸೆ. ಹೊಸಬರಿಗಾಗಿ ಒಂದು ಮಾತು: ಲಾಗ್ ಕ್ಯಾಬಿನ್ ಎಂದರೆ ನಡುವೆ ಒಂದು ಪುಟ್ಟ ಚೌಕವನ್ನಿಟ್ಟು, ಅದರ ಸುತ್ತ ಒಂದರ ನಂತರ ಒಂದರಂತೆ ಪಟ್ಟಿಗಳನ್ನು ಹೊಲಿಯುತ್ತಾ ದೊಡ್ಡದು ಮಾಡುವ ಚೌಕ. ಒತ್ತೊತ್ತಿಗಿರುವ ಎರಡು ಮಗ್ಗುಲಿಗೆ ತಿಳಿ ಬಣ್ಣವನ್ನೂ ಉಳಿದೆರಡಕ್ಕೆ ಗಾಢ ಬಣ್ಣವನ್ನೂ ಬಳಸುವುದರಿಂದ, ಮುಗಿದ ಚೌಕವು ಮೂಲೆಯಿಂದ ಮೂಲೆಗೆ ಸೀಳಿದಂತೆ ಅರ್ಧ ಬೆಳಕಾಗಿಯೂ ಅರ್ಧ ನೆರಳಾಗಿಯೂ ಕಾಣುತ್ತದೆ. ಈ ಚೌಕಗಳನ್ನು ಒಂದು ಬಿಟ್ಟು ಒಂದು ತಿರುಗಿಸಿಟ್ಟರೆ ನಮ್ಮ ಸೀರೆಗಳ ಗೋಪುರದ ಅಂಚಿನಂತೆ ತಿಳಿ ಬಣ್ಣದ ತ್ರಿಕೋನಗಳು ಸಾಲಾಗಿ ಏಳುತ್ತವೆ. ನನಗೆ ಬೇಕಾಗಿರುವುದು ಅದೇ.

ನಾನು 6 ಇಂಚಿನ ಚೌಕಗಳೆಂದು ಲೆಕ್ಕ ಹಾಕಿದ್ದೆ. ಅಗಲಕ್ಕೆ ಸರಿಯಾಗಿ ಏಳು ಕೂರುತ್ತವೆ, ಆದರೆ ಉದ್ದಕ್ಕೆ ಒಂಬತ್ತೂವರೆ ಬೇಕಾಗುತ್ತದೆ. ಅರ್ಧ ಚೌಕವನ್ನು ಎಲ್ಲಿ ಅಡಗಿಸಲಿ? ಇನ್ನೊಂದು ತೊಂದರೆಯೆಂದರೆ, ಕಾಗದದ ಚೂರುಗಳನ್ನು ನೆಲದ ಮೇಲೆ ಹರಡಿ ನೋಡಿದಾಗ ಎಡಮೂಲೆಯಲ್ಲಿ ಚೆಂದವಾಗಿ ತಿರುಗಿದ ಗೋಪುರದ ಸಾಲು ಬಲಮೂಲೆಗೆ ಬರುವಷ್ಟರಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ. ಗಾಢ ಪಟ್ಟಿಗಳಿಗೆ ಅಮ್ಮನ ಎರಡು ಹಳೆಯ ಹತ್ತಿಯ ಇಳಕಲ್ ಸೀರೆಗಳನ್ನು ಬಳಸಬೇಕೆಂದಿದ್ದೇನೆ. ಒಂದು ಕಪ್ಪು, ಇನ್ನೊಂದು ದಾಳಿಂಬೆ ಕೆಂಪು. ಅವು ತೊಳೆದೂ ತೊಳೆದೂ ಬಹಳ ಮೆತ್ತಗಾಗಿವೆ. ನಡುವಿನ ಪುಟ್ಟ ಚೌಕ ಕೆಂಪಾಗಿಯೇ ಇರಬೇಕೆಂದು ಇಲ್ಲಿನ ಗೆಳತಿಯೊಬ್ಬರು ಹೇಳಿದರು. ಇದು ನಿಯಮವೇ?

ಅಳತೆಗೋಲು (ಬೆಂಗಳೂರು) ಬರೆದದ್ದು:

ಕೌದಿಪ್ರಿಯೆಯವರೇ, ನಿಮ್ಮ ಎರಡು ತೊಂದರೆಗಳ ಬೇರು ಒಂದೇ. ನೀವು ಮೊದಲು ಚೌಕದ ಗಾತ್ರವನ್ನು ನಿಶ್ಚಯಿಸಿ, ಆಮೇಲೆ ಅದನ್ನು ಬಟ್ಟೆಯ ಮೇಲೆ ಕೂರಿಸಲು ಹೊರಟಿದ್ದೀರಿ. ಅಂಚಿನ ವಿಷಯದಲ್ಲಿ ಮೂಲೆಯನ್ನು ಮೊದಲು ನಿಶ್ಚಯಿಸಬೇಕು, ಅದರಿಂದ ಚೌಕಗಳ ಎಣಿಕೆ ಹೊರಡುತ್ತದೆ, ಎಣಿಕೆಯಿಂದ ಗಾತ್ರ ಹೊರಡುತ್ತದೆ.

ಮೇಲಿನ ಸಾಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಾಢ ಬಣ್ಣ ಹೊರಗಡೆಗೆ, ತಿಳಿ ಬಣ್ಣ ಒಳಗಡೆಗೆ ಇರಲಿ. ಮೇಲಿನ ಎಡಮೂಲೆಯ ಚೌಕದ ಮೇಲ್ಬದಿ ಮತ್ತು ಎಡಬದಿ ಗಾಢವಾಗಿದ್ದರೆ, ಅದರ ಬಲಬದಿ ಮತ್ತು ಕೆಳಬದಿ ತಿಳಿಯಾಗಿರುತ್ತವೆ. ಅದರ ಬಲಕ್ಕಿರುವ ಚೌಕವನ್ನು ಕನ್ನಡಿಯ ಬಿಂಬದಂತೆ, ಅಂದರೆ ಮೇಲ್ಬದಿ ಮತ್ತು ಬಲಬದಿ ಗಾಢವಾಗಿರುವಂತೆ ಇಟ್ಟರೆ, ಎರಡರ ತಿಳಿ ಭಾಗಗಳು ಕೂಡಿ ಒಂದು ಪೂರ್ಣ ಗೋಪುರವಾಗುತ್ತದೆ. ಮೂಲೆಯ ಚೌಕದ ಕೆಳಗಿರುವ ಚೌಕವನ್ನೂ ಹೀಗೆಯೇ ಇಟ್ಟರೆ ಎಡಗಡೆಯ ಸಾಲಿಗೂ ಅದೇ ಮೂಲೆಯಿಂದ ಗೋಪುರ ಆರಂಭವಾಗುತ್ತದೆ. ಒಂದೇ ಮೂಲೆಯ ಚೌಕ ಎರಡು ಸಾಲುಗಳಿಗೆ ಅರ್ಧರ್ಧ ಗೋಪುರವನ್ನು ಕೊಡುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ತಿರುವು ಈ ಮಾದರಿಯಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಬಲಮೂಲೆಯಲ್ಲೂ ಹೀಗೆಯೇ ಆಗಬೇಕಾದರೆ, ಎರಡು ಮೂಲೆಗಳನ್ನೂ ಸೇರಿಸಿ ಎಣಿಸಿದಾಗ ಸಾಲಿನಲ್ಲಿ ಸಮಸಂಖ್ಯೆಯ ಚೌಕಗಳಿರಬೇಕು. ನಿಮ್ಮ ಅಗಲದಲ್ಲಿ ಏಳು ಚೌಕ, ಮೂಲೆ ಸೇರಿದರೆ ಒಂಬತ್ತು. ಆದ್ದರಿಂದಲೇ ಬಲಮೂಲೆ ತಲೆಕೆಳಗಾಯಿತು. 42 ಇಂಚಿಗೆ ಏಳು ಚೌಕಗಳು ಸರಿಯಾಗಿ ಕೂತದ್ದು ನಿಮಗೆ ಅನುಕೂಲವೆಂದು ತೋರಿದರೂ ಅದು ಮೋಸದ ಅನುಕೂಲ.

ಇನ್ನು ಅರ್ಧ ಚೌಕದ ವಿಷಯ. ಸಾಮಾನ್ಯವಾಗಿ ಎಲ್ಲರೂ ಹೇಳುವ ಪರಿಹಾರವೆಂದರೆ, ನಡುವಿನ ಭಾಗಕ್ಕೂ ಅಂಚಿಗೂ ನಡುವೆ ಸುತ್ತಲೂ ಒಂದು ಸಾದಾ ಪಟ್ಟಿಯನ್ನು ಕೂಡಿಸಿ ಅಳತೆಯನ್ನು ಹೊಂದಿಸುವುದು. ನಾನು ಅದನ್ನು ತುಂಬುಪಟ್ಟಿ ಎನ್ನುತ್ತೇನೆ. ಪರಿಹಾರವೇನೋ ಸರಿ, ಆದರೆ ನಾಲ್ಕೂ ಕಡೆ ಒಂದೇ ಅಗಲದ ಪಟ್ಟಿಯನ್ನು ಎಷ್ಟೇ ಸೇರಿಸಿದರೂ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ನಿಮ್ಮದು 57ರಲ್ಲಿ 42 ಕಳೆದರೆ 15. ಗೋಪುರಗಳಿಗೆ ಚೌಕಗಳು ಜೋಡಿಯಾಗಿಯೇ ಬೇಕಾದ್ದರಿಂದ, ಈ 15 ಇಂಚು ಎರಡು ಚೌಕಗಳ ಅಗಲದಿಂದ ನಿಶ್ಶೇಷವಾಗಿ ಭಾಗವಾಗಬೇಕು. 6 ಇಂಚಿನ ಎರಡು ಚೌಕಗಳೆಂದರೆ 12. ಅದು 15ಕ್ಕೆ ಹೊಂದುವುದಿಲ್ಲ. ಅಡ್ಡಕ್ಕೆ 3 ಇಂಚು, ಉದ್ದಕ್ಕೆ ಒಂದೂವರೆ ಇಂಚು ಎಂದು ಬೇರೆಬೇರೆ ಅಗಲದ ತುಂಬುಪಟ್ಟಿಗಳನ್ನು ಹಾಕಿ 48 ಮತ್ತು 60 ಮಾಡಬಹುದು, ಎಂಟು ಮತ್ತು ಹತ್ತು ಚೌಕಗಳು ಕೂರುತ್ತವೆ. ಆದರೆ ಒಂದು ಕಡೆಯ ಪಟ್ಟಿ ಇನ್ನೊಂದರ ಇಮ್ಮಡಿಯಾಗಿರುವುದು ಹಾಸಿಗೆಯ ಮೇಲೆ ಹಾಸಿದ ಕೂಡಲೇ ಕಣ್ಣಿಗೆ ಕುಟುಕುತ್ತದೆ.

ಚೌಕದ ಗಾತ್ರವನ್ನೇ 7.5 ಇಂಚಿಗೆ ಬದಲಿಸಿ ನೋಡಿ. ಎರಡು ಚೌಕಗಳೆಂದರೆ ಸರಿಯಾಗಿ 15. ಸುತ್ತಲೂ ಒಂದೂವರೆ ಇಂಚಿನ ತುಂಬುಪಟ್ಟಿ ಹಾಕಿದರೆ ನಡುಭಾಗ 45ಕ್ಕೆ 60 ಆಗುತ್ತದೆ. 45ಕ್ಕೆ ಆರು ಚೌಕಗಳು, 60ಕ್ಕೆ ಎಂಟು. ನಾಲ್ಕು ಮೂಲೆಗಳು ಸೇರಿ ಒಟ್ಟು 32. ಮೂಲೆಯೂ ಸೇರಿದಂತೆ ಅಗಲದಲ್ಲಿ ನಾಲ್ಕು ಗೋಪುರ, ಉದ್ದದಲ್ಲಿ ಐದು ಗೋಪುರ. ಮುಗಿದ ಕ್ವಿಲ್ಟ್ 60ಕ್ಕೆ 75 ಇಂಚು.

ಆ 7.5 ಇಂಚು ಹೀಗೆ ಬರುತ್ತದೆ: ನಡುಚೌಕ ಒಂದೂವರೆ ಇಂಚು, ಅದರ ಸುತ್ತ 1 ಇಂಚಿನ ಪಟ್ಟಿಗಳ ಮೂರು ಸುತ್ತು. ಕಾಲು ಇಂಚಿನ ಹೊಲಿಗೆಯನ್ನು ಎರಡೂ ಕಡೆ ಸೇರಿಸಿ ಕತ್ತರಿಸುವಾಗ ನಡುಚೌಕ 2 ಇಂಚು, ಪಟ್ಟಿಗಳು ಒಂದೂವರೆ ಇಂಚು ಅಗಲ. ಪಟ್ಟಿಗಳ ಉದ್ದವನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ. ತಿಳಿ ಬಣ್ಣದವು ಕ್ರಮವಾಗಿ 2, 3, 4, 5, 6, 7 ಇಂಚು. ಗಾಢ ಬಣ್ಣದವು 3, 4, 5, 6, 7, 8 ಇಂಚು. ಪ್ರತಿ ಸುತ್ತಿನಲ್ಲೂ ಮೊದಲು ಎರಡು ತಿಳಿ ಪಟ್ಟಿ, ಆಮೇಲೆ ಎರಡು ಗಾಢ ಪಟ್ಟಿ. ಒಂದು ಚೌಕಕ್ಕೆ ತಿಳಿ ಬಣ್ಣದ್ದು 27 ಇಂಚು, ಗಾಢ ಬಣ್ಣದ್ದು 33 ಇಂಚು ಉದ್ದದ ಪಟ್ಟಿ ಬೇಕು. 32 ಚೌಕಗಳಿಗೆ 864 ಮತ್ತು 1056 ಇಂಚು. ಬಳಸಲು ಸಿಗುವ ಅಗಲ 42 ಇಂಚು ಇರುವ ಬಟ್ಟೆಯಾದರೆ ತಿಳಿ ಬಣ್ಣದಲ್ಲಿ 22 ಪಟ್ಟಿ, ಗಾಢ ಬಣ್ಣದಲ್ಲಿ 27 ಪಟ್ಟಿ ಕತ್ತರಿಸಿದರೆ ಸಾಕಾಗುತ್ತದೆ. ನೀವು ಗಜದ ಲೆಕ್ಕದಲ್ಲಿ ಕೊಳ್ಳುವುದರಿಂದ, ತಪ್ಪು ಕತ್ತರಿಗೂ ಸೇರಿಸಿ ತಿಳಿ ಬಣ್ಣಕ್ಕೆ ಒಂದೂಕಾಲು ಗಜ ಹೇಳಿ. ಗಾಢ ಬಣ್ಣಕ್ಕೆ ಸೀರೆಗಳಿರುವಾಗ ಚಿಂತೆಯಿಲ್ಲ.

ಗೋಪುರದ ಹಟ ನಿಮಗಿಲ್ಲದಿದ್ದರೆ ಇನ್ನೊಂದು ದಾರಿಯೂ ಇದೆ. ಎಲ್ಲ ಚೌಕಗಳನ್ನೂ ಒಂದೇ ದಿಕ್ಕಿಗೆ ಇಟ್ಟು, ಮೂಲೆಗೆ ಬಂದಾಗಲೆಲ್ಲ ಕಾಲು ಸುತ್ತು ತಿರುಗಿಸಿದರೆ ಗರಗಸದ ಹಲ್ಲಿನಂತಹ ಅಂಚು ಬರುತ್ತದೆ. ಅದು ಗಿರಗಟ್ಟೆಯಂತೆ ಸುತ್ತುವುದರಿಂದ ಸಮ ಬೆಸಗಳ ಗೊಡವೆಯಿಲ್ಲ. ಅದಕ್ಕೆ 5 ಇಂಚಿನ ಚೌಕಗಳೂ ಒಗ್ಗುತ್ತವೆ. ಇದೇ ತುಂಬುಪಟ್ಟಿಯೊಂದಿಗೆ ಒಂಬತ್ತು ಮತ್ತು ಹನ್ನೆರಡು ಕೂರುತ್ತವೆ.

ತುಂಡುಬಟ್ಟೆ (ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ) ಬರೆದದ್ದು:

ಅಳತೆಗೋಲು ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗದು. ಆದರೆ ಲೆಕ್ಕ ಸರಿಬಂದ ಮಾತ್ರಕ್ಕೆ ವಿನ್ಯಾಸ ಸರಿಬಂತೆಂದು ಅರ್ಥವಲ್ಲ ಎಂಬುದನ್ನು ಸೌಜನ್ಯದಿಂದಲೇ ಹೇಳಬಯಸುತ್ತೇನೆ.

ಒಹಾಯೊ ಸ್ಟಾರ್ ಚೌಕದಲ್ಲಿ ಈಗಾಗಲೇ ಎಂಟು ಮೊನೆಗಳಿವೆ. ಹನ್ನೆರಡು ಚೌಕಗಳೆಂದರೆ 96 ಮೊನೆಗಳು. ಅವುಗಳ ಸುತ್ತ ಮತ್ತೆ ಗೋಪುರಗಳ ಮೊನೆಗಳನ್ನು ನಿಲ್ಲಿಸಿದರೆ ಕಣ್ಣಿಗೆ ಕೂರಲು ಜಾಗವೇ ಸಿಗುವುದಿಲ್ಲ. ಹಳೆಯ ಕಾಲದ ಲಾಗ್ ಕ್ಯಾಬಿನ್ ಕ್ವಿಲ್ಟ್‌ಗಳನ್ನು ಗಮನಿಸಿದರೆ ಅವುಗಳಲ್ಲಿ ಹಲವಕ್ಕೆ ಪ್ರತ್ಯೇಕ ಅಂಚೇ ಇಲ್ಲದಿರುವುದು ಕಾಣುತ್ತದೆ. ಬೆಳಕು ನೆರಳುಗಳ ಆಟವೇ ಇಡೀ ಹಾಸನ್ನು ತುಂಬಿರುತ್ತದೆ: ವಜ್ರದಾಕಾರದಲ್ಲಿ ಒಂದರೊಳಗೊಂದು ಹಬ್ಬುವ ಬಾರ್ನ್ ರೇಸಿಂಗ್, ಉತ್ತ ಹೊಲದ ನೇಗಿಲ ಸಾಲಿನಂತೆ ಓರೆಯಾಗಿ ಸಾಗುವ ಸ್ಟ್ರೇಟ್ ಫರೋ, ಮಿಂಚಿನಂತೆ ಅಂಕುಡೊಂಕಾಗಿ ಹರಿಯುವ ಸ್ಟ್ರೀಕ್ ಆಫ್ ಲೈಟ್ನಿಂಗ್. ನೀವು ಬಯಸುತ್ತಿರುವ ಗೋಪುರದ ಅಂಚು ಆ ಕೊನೆಯ ಮಾದರಿಯಿಂದ ಒಂದು ಸಾಲನ್ನು ಸೀಳಿ ತೆಗೆದಂತೆ. ಇಡೀ ಹಾಸಿಗೆ ಸಾಲುವಷ್ಟು ಬಲವಿರುವ ಮಾದರಿಯನ್ನು ಅಂಚಿಗೆ ತಂದರೆ ಅದು ನಡುಭಾಗದ ಮೇಲೆ ದಬ್ಬಾಳಿಕೆ ಮಾಡುವುದು ಸಹಜ.

ನಾನಾಗಿದ್ದರೆ 7.5 ಇಂಚಿನ ಸಾದಾ ಬಟ್ಟೆಯ ಅಂಚನ್ನು ಕೊಟ್ಟು, ನಾಲ್ಕು ಮೂಲೆಗಳಲ್ಲಿ ಮಾತ್ರ ಒಂದೊಂದು ಲಾಗ್ ಕ್ಯಾಬಿನ್ ಚೌಕವನ್ನು ಕೂರಿಸುತ್ತಿದ್ದೆ. 28 ಚೌಕಗಳ ಶ್ರಮ ಉಳಿಯುತ್ತದೆ, ಸೀರೆಯ ಬಟ್ಟೆ ತುಂಡಾಗದೆ ಅಗಲವಾಗಿ ಕಾಣಿಸುತ್ತದೆ, ಸಮ ಬೆಸಗಳ ತಕರಾರೂ ಇಲ್ಲ. ಗೋಪುರವೇ ಬೇಕೆಂದರೆ, ನಕ್ಷತ್ರಗಳಲ್ಲಿ ಬಳಸಿದ ಅತ್ಯಂತ ಗಾಢ ಬಣ್ಣಕ್ಕಿಂತ ಅಂಚಿನ ಗಾಢ ಬಣ್ಣ ಒಂದು ಮೆಟ್ಟಿಲು ಕೆಳಗಿರಲಿ. ಬಟ್ಟೆಗಳನ್ನು ಪಕ್ಕಪಕ್ಕದಲ್ಲಿ ಹರಡಿ ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿ. ಕೆಂಪು ಮತ್ತು ಕಪ್ಪು ನಮ್ಮ ಕಣ್ಣಿಗೆ ಎಷ್ಟೇ ಬೇರೆಯಾಗಿ ಕಂಡರೂ ಆ ಚಿತ್ರದಲ್ಲಿ ಎರಡೂ ಒಂದೇ ಆಗಿಬಿಡುವುದುಂಟು. ನಿಮ್ಮ ಅಂಚಿಗೆ ಅದು ಒಳ್ಳೆಯದೇ, ಏಕೆಂದರೆ ಗಾಢ ಮಗ್ಗುಲಿನಲ್ಲಿ ಎರಡು ಸೀರೆಗಳನ್ನೂ ಬೆರೆಸಬಹುದು.

ನಡುಚೌಕ ಕೆಂಪಾಗಿರಬೇಕೆಂಬುದು ರೂಢಿಯೇ ಹೊರತು ನಿಯಮವಲ್ಲ. ಈ ಮಾದರಿ ಅಮೆರಿಕದಲ್ಲಿ 1860ರ ದಶಕದಿಂದ ಜನಪ್ರಿಯವಾಯಿತು. ಮರದ ದಿಮ್ಮಿಗಳ ಮನೆಯನ್ನು ಅದು ನೆನಪಿಸುವುದರಿಂದ ನಡುವಿನ ಕೆಂಪನ್ನು ಮನೆಯ ಒಲೆಯ ಬೆಂಕಿಯೆಂದೂ, ಹಳದಿಯಾದರೆ ಕಿಟಕಿಯ ದೀಪವೆಂದೂ ಹೇಳುತ್ತಾರೆ. ನಡುಚೌಕ ಕಪ್ಪಾಗಿದ್ದರೆ ಅದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋಗುವವರಿಗೆ ಆಶ್ರಯದ ಗುರುತಾಗಿತ್ತೆಂಬ ಕಥೆಯನ್ನೂ ನೀವು ಕೇಳಬಹುದು. ಕಥೆ ಮನಸ್ಸನ್ನು ತಟ್ಟುತ್ತದೆ, ಆದರೆ ಕ್ವಿಲ್ಟ್ ಇತಿಹಾಸಕಾರರು ಅದಕ್ಕೆ ಆಧಾರವಿಲ್ಲವೆಂದೇ ಹೇಳಿದ್ದಾರೆ. ವಿನ್ಯಾಸದ ದೃಷ್ಟಿಯಿಂದ ಹೇಳುವುದಾದರೆ, 32 ಚೌಕಗಳಲ್ಲೂ ನಡುಬಣ್ಣ ಒಂದೇ ಆಗಿದ್ದರೆ ಅಂಚಿನುದ್ದಕ್ಕೂ ಮಣಿ ಪೋಣಿಸಿದಂತೆ ಕಾಣುತ್ತದೆ. ನಿಮ್ಮ ಗಾಢ ಪಟ್ಟಿಗಳಲ್ಲಿಯೇ ಕೆಂಪಿರುವುದರಿಂದ ನಡುವಿನ ಕೆಂಪು ಅದರಲ್ಲಿ ಕರಗಿಹೋಗುತ್ತದೆ. ಸಾಸಿವೆ ಹಳದಿಯನ್ನು ಯೋಚಿಸಿ.

ಹಳಿಯಾಳದ ಸೂಜಿ ಬರೆದದ್ದು:

ಸೀರೆಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಎಷ್ಟು ವರ್ಷ ತೊಳೆದ ಸೀರೆಯಾದರೂ ಕೆಂಪನ್ನು ನಂಬಬಾರದು. ಒಂದು ಅಂಗೈಯಗಲದ ತುಂಡನ್ನು ಬಿಳಿ ಬಟ್ಟೆಯೊಡನೆ ಸೇರಿಸಿ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಹಾಗೆಯೇ ಒಣಗಿಸಿ. ಬಿಳಿ ಬಟ್ಟೆ ಗುಲಾಬಿಯಾದರೆ, ನೀರು ತಿಳಿಯಾಗುವವರೆಗೂ ಸೀರೆಯನ್ನು ಮತ್ತೆ ಮತ್ತೆ ತೊಳೆಯಬೇಕು. ಅಷ್ಟಾದ ಮೇಲೂ ಬಿಡುತ್ತಿದ್ದರೆ ಈ ಕೆಲಸಕ್ಕೆ ಅದು ಬೇಡ. ತಿಳಿ ಪಟ್ಟಿಯ ಪಕ್ಕದಲ್ಲೇ ಅದು ಕೂರುವುದನ್ನು ಮರೆಯಬೇಡಿ.

ಎರಡನೆಯದು, ಎಳೆಯ ದಿಕ್ಕು. ಸೀರೆಯ ಉದ್ದಕ್ಕೆ ಹೋಗುವುದು ಹಾಸಿನ ಎಳೆ, ಅಡ್ಡಕ್ಕೆ ಬರುವುದು ಹೊಕ್ಕಿನ ಎಳೆ. ಹಾಸಿನ ದಿಕ್ಕಿನಲ್ಲಿ ಬಟ್ಟೆ ಕಡಿಮೆ ಹಿಗ್ಗುತ್ತದೆ. ಕ್ವಿಲ್ಟಿನ ಹೊರ ಅಂಚು ಅಲೆಯಲೆಯಾಗಿ ಕುಣಿಯದೆ ಚಪ್ಪಟೆಯಾಗಿ ಕೂರಬೇಕಾದರೆ ಗಾಢ ಪಟ್ಟಿಗಳನ್ನು ಸೀರೆಯ ಉದ್ದಕ್ಕೇ ಕತ್ತರಿಸಬೇಕು. ನಿಮ್ಮ ಮಾದರಿಯಲ್ಲಿ ಕಟ್ಟಕಡೆಯ ಸುತ್ತಿನ ಗಾಢ ಪಟ್ಟಿಯೇ ಇಡೀ ಹೊರ ಅಂಚಾಗುವುದರಿಂದ ಇದು ಮುಖ್ಯ. ನೆರಿಗೆಯ ಜಾಗದಲ್ಲಿ ಮತ್ತು ಅಡಿಯಂಚಿನ ಹತ್ತಿರ ಬಟ್ಟೆ ಹೆಚ್ಚು ಸವೆದಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಜಾಲರಿಯಂತೆ ಕಂಡ ಭಾಗವನ್ನು ಬಿಟ್ಟುಬಿಡಿ.

ಮೂರನೆಯದು, ಮೆತ್ತಗಾದ ಬಟ್ಟೆಯನ್ನು ಹಾಗೆಯೇ ಹೊಲಿದರೆ ಒಂದೂವರೆ ಇಂಚಿನ ಪಟ್ಟಿ ಯಂತ್ರದ ಕೆಳಗೆ ಹಾವಿನಂತೆ ಹೊರಳುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಸ್ವಲ್ಪ ಮಟ್ಟಿಗೆ ನಿಲ್ಲುತ್ತದೆ. ಇನ್ನೂ ಭದ್ರವಾದ ಉಪಾಯವೆಂದರೆ ತೆಳುವಾದ ಮಲ್ ಬಟ್ಟೆಯ ಮೇಲೆ ಚೌಕದ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದುಕೊಂಡು, ಪಟ್ಟಿಗಳನ್ನು ಆ ಅಡಿಬಟ್ಟೆಗೆ ಸೇರಿಸಿಯೇ ಹೊಲಿಯುವುದು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಲಾಗ್ ಕ್ಯಾಬಿನ್ ಹಾಸುಗಳನ್ನು ಹೀಗೆಯೇ ಅಡಿಬಟ್ಟೆಯ ಮೇಲೆ ಹೊಲಿದಿದ್ದಾರೆ. ರೇಷ್ಮೆ, ಉಣ್ಣೆ, ಹತ್ತಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಹಾಸಿನಲ್ಲಿ ಬೆರೆಸಲು ಅದರಿಂದಲೇ ಸಾಧ್ಯವಾಗಿತ್ತು. ದಪ್ಪ ಹೆಚ್ಚುವುದರಿಂದ ಅಂಚಿನ ಮೇಲೆ ಕೈಯಲ್ಲಿ ಸಣ್ಣ ಹೊಲಿಗೆ ಹಾಕುವುದು ಕಷ್ಟ ಎಂಬುದೊಂದೇ ಅನನುಕೂಲ.

ಮೂಲೆಯಿಂದ ಆರಂಭಿಸಬೇಕೆಂದು ಅಳತೆಗೋಲು ಅವರು ಹೇಳಿದ್ದನ್ನು ಓದಿದಾಗ ನಮ್ಮ ಕಡೆಯ ಸಿದ್ಧಿ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅಂದರೆ ಕವಂದಿ, ನೆನಪಾಯಿತು. ಲಾಗ್ ಕ್ಯಾಬಿನ್ ನಡುವಿನಿಂದ ಹೊರಗೆ ಬೆಳೆದರೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ಧಿಯರು ಕವಂದಿಯನ್ನು ಅದರ ತದ್ವಿರುದ್ಧವಾಗಿ ಹೊರ ಅಂಚಿನ ಮೂಲೆಯಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ತಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ಬಟ್ಟೆಚೂರುಗಳನ್ನು ಪದರಪದರವಾಗಿಟ್ಟು ಹೊಲಿಯುವುದುಂಟು, ಅದಕ್ಕೆ ಫೂಲ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರಿಗೆ ಅಪೂರ್ಣ. ಅಳತೆಪಟ್ಟಿಯಿಲ್ಲದೆ ಮಾಡುವ ಆ ಕೆಲಸದಲ್ಲಿ ಕೊನೆಗೆ ಉಳಿಯುವ ಹೆಚ್ಚುಕಡಿಮೆಯೆಲ್ಲ ನಡುವಿನಲ್ಲಿ ಹೊಂದಿಕೊಳ್ಳುತ್ತದೆ. ನಿಮ್ಮ ಕ್ವಿಲ್ಟಿನಲ್ಲಿ ನಡುಭಾಗ ಮೊದಲೇ ಮುಗಿದಿರುವುದರಿಂದ ಹೆಚ್ಚುಕಡಿಮೆಯೆಲ್ಲ ಅಂಚಿಗೆ ಬಂದು ನಿಂತಿದೆ, ಅಷ್ಟೇ ವ್ಯತ್ಯಾಸ.

ಕೌದಿಪ್ರಿಯೆ ಮರಳಿ ಬರೆದದ್ದು:

ಮೂವರಿಗೂ ಋಣಿಯಾಗಿದ್ದೇನೆ. ತುಂಡುಬಟ್ಟೆಯವರ ಮಾತನ್ನು ಎರಡು ದಿನ ಯೋಚಿಸಿದೆ. ಸಾದಾ ಅಂಚಿನ ಸೊಬಗು ನನಗೂ ಅರ್ಥವಾಗುತ್ತದೆ. ಆದರೆ ಗೋಪುರದ ಅಂಚೇ ಈ ಕ್ವಿಲ್ಟನ್ನು ಹೊಲಿಯಲು ನಾನು ಕೂತ ಕಾರಣವಾದ್ದರಿಂದ ಅದನ್ನು ಬಿಡಲು ಮನಸ್ಸಾಗಲಿಲ್ಲ. ಅವರು ಹೇಳಿದಂತೆ ಚಿತ್ರ ತೆಗೆದು ನೋಡಿದಾಗ ನಕ್ಷತ್ರಗಳ ಕಡುನೀಲಿಗಿಂತ ಕಪ್ಪು ಸೀರೆಯೇ ಗಾಢವಾಗಿ ಕಂಡಿತು. ಆದ್ದರಿಂದ ಕಪ್ಪನ್ನು ಕಟ್ಟಕಡೆಯ ಸುತ್ತಿಗೆ ಮಾತ್ರ ಇಟ್ಟುಕೊಂಡು, ಒಳಗಿನ ಎರಡು ಸುತ್ತುಗಳಿಗೆ ದಾಳಿಂಬೆ ಕೆಂಪನ್ನು ಬಳಸಲು ನಿರ್ಧರಿಸಿದ್ದೇನೆ. ಸೀರೆ ಬಣ್ಣ ಬಿಡಲಿಲ್ಲ. ನಡುಚೌಕ ಸಾಸಿವೆ ಹಳದಿ.

ಮೊನ್ನೆ ನಾಲ್ಕು ಚೌಕಗಳನ್ನು ಪ್ರಯೋಗಕ್ಕೆಂದು ಹೊಲಿದೆ. ಉದ್ದವನ್ನು ಹೇಳಿದಂತೆಯೇ ಕತ್ತರಿಸಿಟ್ಟುಕೊಂಡಿದ್ದರೂ ಮೂರನೆಯ ಸುತ್ತಿಗೆ ಬರುವಾಗ ಪಟ್ಟಿಗಳು ಚೌಕದಿಂದ ಹೊರಗೆ ಚಾಚತೊಡಗಿದವು. ಚಾಚಿದ್ದನ್ನು ಕತ್ತರಿಸುತ್ತಾ ಹೋದೆ. ಹೊಲಿಗೆಗೆ ಬಿಟ್ಟ ಅಂಚೂ ಸೇರಿ 8 ಇಂಚು ಇರಬೇಕಾದ ಚೌಕ ನಾಲ್ಕರಲ್ಲೂ 7.6 ಇಂಚಿನಷ್ಟೇ ಬಂದಿದೆ. ಎಲ್ಲವೂ ಒಂದೇ ಅಳತೆಯಲ್ಲಿ ಚಿಕ್ಕದಾಗಿರುವುದರಿಂದ ಹೀಗೆಯೇ ಮುಂದುವರಿದು ತುಂಬುಪಟ್ಟಿಯನ್ನು ಕಿರಿದು ಮಾಡಿದರೆ ಆಗದೇ?

ಅಳತೆಗೋಲು ಬರೆದದ್ದು:

ದಯವಿಟ್ಟು ಮುಂದುವರಿಯಬೇಡಿ. ಚಾಚಿದ ಪಟ್ಟಿಯನ್ನು ಕತ್ತರಿಸಬೇಡಿ ಎಂಬುದನ್ನು ಮೊದಲೇ ಹೇಳದಿದ್ದುದು ನನ್ನ ತಪ್ಪು. ಉದ್ದವನ್ನು ಮೊದಲೇ ಕತ್ತರಿಸಿಟ್ಟುಕೊಳ್ಳುವುದರ ನಿಜವಾದ ಪ್ರಯೋಜನ ಆ ಎಚ್ಚರಿಕೆಯೇ: ಪಟ್ಟಿ ಚಾಚಿತೆಂದರೆ ಹೊಲಿಗೆ ಆಳವಾಗಿದೆ ಎಂದು ಅರ್ಥ, ಪಟ್ಟಿ ಸಾಲದೆ ಬಂತೆಂದರೆ ಹೊಲಿಗೆ ತೆಳುವಾಗಿದೆ ಎಂದು ಅರ್ಥ.

ನಿಮ್ಮ ಚೌಕದ ನಡುವೆ ಒಂದು ಅಡ್ಡಗೆರೆ ಎಳೆದರೆ ಅದು ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಹೊಲಿಗೆಗಳನ್ನು ದಾಟುತ್ತದೆ. ಪ್ರತಿ ಹೊಲಿಗೆಯೂ ಕಾಲು ಇಂಚಿಗಿಂತ 1/32 ಇಂಚು ಆಳವಾದರೆ, ಹೊಲಿಗೆಯ ಎರಡೂ ಕಡೆಯ ಬಟ್ಟೆ ಅಷ್ಟಷ್ಟು ಕಡಿಮೆಯಾಗಿ 1/16 ಇಂಚು ಹೋಗುತ್ತದೆ. ಆರು ಹೊಲಿಗೆಗೆ 3/8 ಇಂಚು. ನಿಮ್ಮ 8 ಇಂಚು 7.6ಕ್ಕೆ ಇಳಿದದ್ದು ಹೆಚ್ಚುಕಡಿಮೆ ಇಷ್ಟೇ. ಅಂದರೆ ನಿಮ್ಮ ತಪ್ಪು ದಾರದ ದಪ್ಪದಷ್ಟು. ಆದರೆ ಎಂಟು ಚೌಕಗಳ ಸಾಲಿನಲ್ಲಿ ಅದು 3 ಇಂಚಾಗುತ್ತದೆ. ಒಂದೂವರೆ ಇಂಚಿನ ತುಂಬುಪಟ್ಟಿಯನ್ನು ಎರಡೂ ಕಡೆಯಿಂದ ಪೂರ್ತಿಯಾಗಿ ಕಿತ್ತುಹಾಕಿದರೆ ಉದ್ದದ ಸಾಲು ಹೊಂದೀತು. ಆದರೆ ಆರು ಚೌಕಗಳ ಅಗಲದ ಸಾಲಿನಲ್ಲಿ ಕಡಿಮೆಯಾಗುವುದು ಎರಡೂಕಾಲು ಇಂಚು ಮಾತ್ರ. ಮತ್ತೆ ಎರಡು ಕಡೆಗೂ ಬೇರೆಬೇರೆ ಅಗಲದ ಪಟ್ಟಿ! ಬಿಟ್ಟುಬಂದ ಹಳ್ಳಕ್ಕೇ ಮರಳಿ ಬಿದ್ದಂತಾಗುತ್ತದೆ.

ಸರಿಪಡಿಸುವುದು ಸುಲಭ. ಒಂದೂವರೆ ಇಂಚಿನ ಮೂರು ಪಟ್ಟಿಗಳನ್ನು ಉದ್ದಕ್ಕೆ ಕೂಡಿಸಿ ಹೊಲಿದು, ಇಸ್ತ್ರಿ ಮಾಡಿ ಅಳೆಯಿರಿ. ಒಟ್ಟು ಅಗಲ ಮೂರೂವರೆ ಇಂಚು, ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಬರುವವರೆಗೂ ಸೂಜಿಯ ಜಾಗವನ್ನು ಅಥವಾ ಯಂತ್ರದ ತಟ್ಟೆಯ ಮೇಲೆ ಅಂಟಿಸಿದ ಟೇಪನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಹೊಲಿಗೆ ಮಡಿಚಿಕೊಳ್ಳುವಲ್ಲಿ ಬಟ್ಟೆಯ ದಪ್ಪಕ್ಕೂ ಒಂದಿಷ್ಟು ಜಾಗ ಹೋಗುವುದರಿಂದ, ಕಾಲು ಇಂಚಿಗಿಂತ ಎಳೆಯಷ್ಟು ಕಡಿಮೆ ಅಂಚು ಬಿಟ್ಟು ಹೊಲಿಯುವುದೇ ರೂಢಿ. ಹೊಲಿಗೆಗಳನ್ನು ಯಾವಾಗಲೂ ನಡುಚೌಕದಿಂದ ಹೊರಗಡೆಗೆ ಮಡಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡದೆ ಮೇಲಿನಿಂದ ಒತ್ತಿ ಎತ್ತಿ. ಅಡಿಬಟ್ಟೆಯ ಮೇಲೆ ಹೊಲಿಯುವುದಾದರೆ ಗೆರೆಯೇ ದಾರಿ ತೋರಿಸುವುದರಿಂದ ಈ ಕಷ್ಟ ಬಹುಮಟ್ಟಿಗೆ ಇಲ್ಲ. ಹಳಿಯಾಳದ ಸೂಜಿಯವರ ಸಲಹೆ ಈ ಕಾರಣಕ್ಕೂ ಒಳ್ಳೆಯದು.

ತುಂಬುಪಟ್ಟಿಯನ್ನು ನಡುಭಾಗದ ಅಂಚಿನ ಅಳತೆಗೆ ಕತ್ತರಿಸದೆ, ಮಧ್ಯದಲ್ಲಿ ಅಳೆದು ಕತ್ತರಿಸಿ. ಅಂಚುಗಳು ಕೈಯಾಡಿ ಹಿಗ್ಗಿರುತ್ತವೆ. ಮೊದಲು ಎರಡು ಉದ್ದದ ಬದಿಗಳಿಗೆ 2 ಇಂಚು ಅಗಲ, 57.5 ಇಂಚು ಉದ್ದದ ಪಟ್ಟಿ. ಆಮೇಲೆ ಮೇಲಕ್ಕೂ ಕೆಳಕ್ಕೂ 45.5 ಇಂಚು ಉದ್ದದ್ದು. ಅದರ ಬಣ್ಣ ನಿಮ್ಮ ನಕ್ಷತ್ರಗಳ ನಡುವಿನ ತಿಳಿ ಪಟ್ಟಿಯದೇ ಆಗಿರಲಿ. ಆಗ ಗೋಪುರಗಳ ತಿಳಿ ಬುಡ ಅದರೊಡನೆ ಬೆರೆತು, ನಡುಭಾಗದ ಬೆಳಕೇ ಹೊರಗೆ ಚಿಮ್ಮಿದಂತೆ ಕಾಣುತ್ತದೆ. ನಕ್ಷತ್ರಗಳಿಗೂ ಉಸಿರಾಡಲು ಜಾಗ ಸಿಗುತ್ತದೆ.

ತುಂಡುಬಟ್ಟೆ ಬರೆದದ್ದು:

ಕಪ್ಪನ್ನು ಹೊರಸುತ್ತಿಗೆ ಮಾತ್ರ ಇಡುವ ನಿರ್ಧಾರ ನನ್ನ ಸಾದಾ ಅಂಚಿಗಿಂತ ಚೆನ್ನಾಗಿದೆ, ಒಪ್ಪಿಕೊಂಡೆ. ಹೊರ ಅಂಚಿನುದ್ದಕ್ಕೂ 1 ಇಂಚಿನ ಕಪ್ಪು ಗೆರೆ ತಾನಾಗಿಯೇ ಮೂಡುವುದರಿಂದ ನಿಮಗೆ ಚೌಕಟ್ಟೂ ಸಿಕ್ಕಂತಾಯಿತು. ಅಂಚಿನ ಚೌಕಗಳ ಮೇಲೆ ಅಲಂಕಾರದ ಹೊಲಿಗೆ ಹಾಕಲು ಹೋಗಬೇಡಿ. ಅಷ್ಟು ಹೊಲಿಗೆಗಳ ದಪ್ಪದ ಮೇಲೆ ಸೂಜಿ ಸುಲಭವಾಗಿ ಇಳಿಯುವುದಿಲ್ಲ. ಪಟ್ಟಿಗಳು ಸೇರುವ ಗೆರೆಯಲ್ಲೇ ಹೊಲಿಗೆ ಸಾಗಿದರೆ ಸಾಕು.

ಕೌದಿಪ್ರಿಯೆ ಬರೆದದ್ದು:

ಸೂಜಿಯನ್ನು ಸರಿಸಿ, ಮಲ್ ಬಟ್ಟೆಯ ಮೇಲೆ ಹೊಲಿದ ಹೊಸ ಚೌಕಗಳು ಸರಿಯಾಗಿ 8 ಇಂಚು ಬಂದಿವೆ. ಇಪ್ಪತ್ತು ಮುಗಿದಿವೆ. ಕೂಡಿಸುವ ಕ್ರಮವನ್ನು ಬರೆದಿಡಲು ಕೂತಾಗ ಒಂದು ವಿಚಿತ್ರ ಕಂಡಿತು: ಮೊದಲು ಉದ್ದದ ಬದಿಗಳಿಗೆ ಎಂಟೆಂಟು ಚೌಕಗಳನ್ನು ಕೂಡಿಸಿದರೆ ಅಗಲ 45ರಿಂದ 60ಕ್ಕೆ ಏರುತ್ತದೆ, ಆಗ ಮೇಲಿನ ಮತ್ತು ಕೆಳಗಿನ ಸಾಲುಗಳೂ ಮೂಲೆಗಳು ಸೇರಿ ಎಂಟೆಂಟೇ ಆಗುತ್ತವೆ. ಹಾಗಾದರೆ ನಾಲ್ಕೂ ಸಾಲುಗಳನ್ನು ಒಂದೇ ರೀತಿ ಹೊಲಿದಿಟ್ಟುಕೊಳ್ಳಬಹುದೇ?

ಅಳತೆಗೋಲು ಬರೆದದ್ದು:

ಎಣಿಕೆ ಒಂದೇ, ಉದ್ದವೂ ಒಂದೇ, ಆದರೆ ಸಾಲು ಒಂದೇ ಅಲ್ಲ. ಮೇಲಿನ ಮತ್ತು ಕೆಳಗಿನ ಸಾಲುಗಳಲ್ಲಿ ಮೂಲೆಗಳು ಸೇರಿರುವುದರಿಂದ ಅವುಗಳ ಎರಡು ತುದಿಗಳೂ ಗಾಢವಾಗಿರುತ್ತವೆ, ನಡುವೆ ನಾಲ್ಕು ಪೂರ್ಣ ಗೋಪುರಗಳಿರುತ್ತವೆ. ಬದಿಯ ಸಾಲುಗಳು ಮೂಲೆಯ ಚೌಕಕ್ಕೆ ತಾಗುವುದರಿಂದ ಅವುಗಳ ಎರಡು ತುದಿಗಳೂ ತಿಳಿಯಾಗಿರಬೇಕು, ಅಂದರೆ ಅರ್ಧ ಗೋಪುರದಿಂದ ಆರಂಭವಾಗಿ ಅರ್ಧ ಗೋಪುರದಲ್ಲಿ ಮುಗಿಯಬೇಕು. ಎರಡೆರಡು ಸಾಲು ಹೊಲಿದ ಕೂಡಲೇ ಹಿಂಬದಿಗೆ ಚೀಟಿ ಸಿಕ್ಕಿಸಿ, ಬದಿಯ ಸಾಲುಗಳನ್ನು ಮೊದಲು ಕೂಡಿಸಿ. ಮೇಲಿನ ಸಾಲನ್ನು ಪಿನ್ನು ಹಾಕಿ ಒಮ್ಮೆ ನೆಲದ ಮೇಲೆ ಹರಡಿ, ಮೂಲೆಯ ಚೌಕದ ತಿಳಿ ಮಗ್ಗುಲು ಎರಡೂ ಕಡೆ ತಿಳಿಯನ್ನೇ ಮುಟ್ಟುತ್ತಿದೆಯೇ ಎಂದು ನೋಡಿಕೊಂಡ ಮೇಲೆಯೇ ಯಂತ್ರದ ಮುಂದೆ ಕೂತುಕೊಳ್ಳಿ.